ಕಚೇರಿಗೆ ಪುನರಾಗಮನ: ‘ಹಾಜರಿ’ಯ ಅರ್ಥವಿಚಾರ

ಕ್ರಿ. ಶ. 2020ನೆಯ ಮಾರ್ಚಿ ತಿಂಗಳ 25ನೆಯ ತಾರೀಖಿನಿಂದ ಭರತಖಂಡದಲ್ಲೆಲ್ಲ ಜನಸಂಚಾರವು ನಿರ್ಬಂಧಿತವಾದಾಗ, ಬೆಂಗಳೂರಿನ ಗಣಕೋದ್ಯಮದ ಕಚೇರಿಗಳು ಬರಿದಾದುವೆಂಬುದು ಸರ್ವವಿದಿತವಾದ ಸಂಗತಿ. ಮೊದಲು 21 ದಿನಗಳಿಗೆಂದು ವಿಧಿಸಿದ ಆ ನಿರ್ಬಂಧವು ಮತ್ತೆ ಮತ್ತೆ ಬೆಳೆದುದರಿಂದ, ಕೆಲಸವನ್ನು ಮನೆಗೆ ಕೊಂಡೊಯ್ದವರಲ್ಲಿ ಅನೇಕರು ಎರಡು ಮೂರು ವರ್ಷಗಳ ಕಾಲ ಅದನ್ನು ಅಲ್ಲಿಯೇ ನಡಸಿದರು. ಹಾಸನ, ಶಿವಮೊಗ್ಗ, ಧಾರವಾಡ ಸೀಮೆಗಳ ಹುಟ್ಟೂರುಗಳಿಗೆ ಹೋಗಿ, ತೊಟ್ಟಿಯ ಮನೆಯ ಪಡಸಾಲೆಯಲ್ಲಿ ಕುಳಿತು ಸಮುದ್ರದಾಚೆಯ ಯಜಮಾನರಿಗೆ ಕೆಲಸ ಒಪ್ಪಿಸಿದವರೂ ಉಂಟು. ಬಳಿಕ ಮರಳಿ ಬರತಕ್ಕದ್ದೆಂಬ ಕರೆಗಳು ಹೊರಟವು. ಟಾಟಾ ಕನ್ಸಲ್ಟೆನ್ಸಿ ಸಂಸ್ಥೆಯವರು 2023ನೆಯ ಅಕ್ಟೋಬರ್ 1ರಿಂದ ವಾರಕ್ಕೆ ಐದು ದಿನವೂ, ವಿಪ್ರೋ ಸಂಸ್ಥೆಯವರು ಅದೇ ವರ್ಷದ ನವೆಂಬರ್ 15ರಿಂದ ವಾರಕ್ಕೆ ಮೂರು ದಿನವೂ ನೌಕರರು ಕಚೇರಿಯಲ್ಲಿರಬೇಕೆಂದು ವಿಧಿಸಿದರು. ಅಮೆಜಾನ್ ಸಂಸ್ಥೆಯ ಐದು ದಿನಗಳ ನಿಯಮವು 2025ನೆಯ ಜನವರಿ 2ರಿಂದ ಜಾರಿಗೆ ಬಂದಿತು. ಅದೇ ತಿಂಗಳ 20ರಂದು ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷರು ತಮ್ಮ ಸರ್ಕಾರದ ನೌಕರರಿಗೂ ಇಂಥದೇ ಆಜ್ಞೆಯನ್ನು ಹೊರಡಿಸಿದರು.

ಈ ವಿಷಯದಲ್ಲಿ ನಡೆದಿರುವ ವಾದವು ಬಹುಮಟ್ಟಿಗೆ ‘ಮನೆಯೋ ಕಚೇರಿಯೋ’ ಎಂಬ ರೂಪವನ್ನು ತಾಳಿದೆ. ಒಂದು ಪಕ್ಷದವರು ಮನೆಯ ಸೌಕರ್ಯವನ್ನೂ ದಾರಿಯ ಆಯಾಸವನ್ನೂ ಹೇಳುತ್ತಾರೆ. ಇನ್ನೊಂದು ಪಕ್ಷದವರು ಶಿಸ್ತನ್ನೂ ಸಹವಾಸದ ಪ್ರಯೋಜನವನ್ನೂ ಹೇಳುತ್ತಾರೆ. ನನಗೆ ತೋರುವಮಟ್ಟಿಗೆ ಇದು ಸ್ಥಳವಿಚಾರವೇ ಅಲ್ಲ, ಸನ್ನಿಧಿವಿಚಾರ. ಒಬ್ಬನು ಮತ್ತೊಬ್ಬನ ಎದುರಿಗೆ ಬಂದು ನಿಲ್ಲಬೇಕಾದುದು ಯಾವ ಪ್ರಯೋಜನಕ್ಕಾಗಿ ಎಂಬುದೇ ಇಲ್ಲಿಯ ಪ್ರಶ್ನೆ. ಇದನ್ನು ಸಾಹಿತ್ಯವ್ಯಾಸಂಗದ ಪತ್ರಿಕೆಯಲ್ಲಿ ಎತ್ತುವುದು ಅಪ್ರಸ್ತುತವೆಂದು ವಾಚಕರು ಎಣಿಸಲಾಗದು. ಏಕೆಂದರೆ ಈ ಪ್ರಶ್ನೆಯ ಗಂಟು ನಮ್ಮ ಶಬ್ದಗಳಲ್ಲಿಯೇ ಬಿದ್ದಿದೆ. ಅದನ್ನು ಬಿಚ್ಚಿದ ಒಂದು ಪ್ರಾಚೀನ ಗ್ರಂಥವು ನಮ್ಮ ಮೈಸೂರಿನಿಂದಲೇ ಲೋಕಕ್ಕೆ ಪ್ರಕಟವಾದುದು.

ಮೊದಲು ಶಬ್ದಗಳನ್ನು ನೋಡೋಣ. ‘ವರ್ಕ್ ಫ್ರಂ ಹೋಂ’ ಎಂಬುದಕ್ಕೆ ಪತ್ರಿಕೆಗಳು ‘ಮನೆಯಿಂದ ಕೆಲಸ’ ಎಂದು ಬರೆದುವು. ‘ಮನೆಗೆಲಸ’ವೆಂದು ಸಮಾಸಮಾಡುವಂತಿರಲಿಲ್ಲ, ಅದು ಪಾತ್ರೆ ತೊಳೆದು ಕಸ ಗುಡಿಸುವ ಕೆಲಸಕ್ಕೆ ರೂಢವಾಗಿಬಿಟ್ಟಿದೆ. ಆದರೆ ಕನ್ನಡದ ಸಹಜಗತಿಯು ‘ಮನೆಯಲ್ಲಿ ಕೆಲಸ’ವೆಂದು ಸಪ್ತಮಿಯನ್ನಲ್ಲವೆ ಕೇಳುತ್ತದೆ? ಯಾವುದಾದರೊಂದು ವಸ್ತುವು ಅಗಲಿ ಹೋಗುವಾಗ ಅಗಲದೆ ನಿಂತಿರುವುದು ಅಪಾದಾನವೆಂದು ಪಾಣಿನಿಯ ಮತ. ಮನೆಯಲ್ಲಿಯೇ ಕುಳಿತಿರುವವನು ಯಾವುದರಿಂದ ಅಗಲಿದನು? ಇದು ಇಂಗ್ಲಿಷಿನ ಪದಕ್ಕೆ ಪದವಿಟ್ಟ ಅನುವಾದವೆಂದು ನಾನು ಮೊದಲು ಆಕ್ಷೇಪಿಸಿದ್ದುಂಟು. ವಿಚಾರಮಾಡಿದರೆ ಇದಕ್ಕೂ ಒಂದು ಸಮಾಧಾನವಿದೆ: ಇಲ್ಲಿ ಅಗಲುವುದು ಕರ್ತೃವಲ್ಲ, ಕರ್ಮ. ಕೆಲಸಗಾರನು ನಿಂತಲ್ಲಿ ನಿಂತಿದ್ದಾನೆ. ಕೆಲಸವು ಅವನಿಂದ ಹೊರಟು ಯಜಮಾನನನ್ನು ಸೇರುತ್ತದೆ. ಮೊದಲು ಕರ್ತೃವು ನಡೆದುಹೋಗಿ ಕೆಲಸವನ್ನು ಸೇರುತ್ತಿದ್ದನು. ಕಾರಕದ ಈ ವಿಪರ್ಯಾಸವೇ ಆ ಎರಡು ಮೂರು ವರ್ಷಗಳ ಸಾರವೆಂದರೂ ಸಲ್ಲುತ್ತದೆ.

ಇನ್ನು ‘ಕಚೇರಿ’. ಇದು ಹಿಂದುಸ್ತಾನಿಯ ‘ಕಚಹರೀ’ ಶಬ್ದ. ಅದಕ್ಕೆ ‘ಕೃತ್ಯಗೃಹ’ವೆಂಬ ಸಂಸ್ಕೃತಮೂಲವನ್ನು ಕೋಶಕಾರರು ಊಹಿಸಿರುವುದುಂಟು. ಊಹೆಯನ್ನು ಊಹೆಯೆಂದೇ ಇಟ್ಟುಕೊಂಡರೂ, ಅದರಂತೆ ಕಚೇರಿಯೂ ಒಂದು ಮನೆಯೇ ಆಗುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅರಮನೆ, ಸೆರೆಮನೆ, ಗರಡಿಮನೆ, ಆಲೆಮನೆ ಎಂದು ಕೆಲಸದ ಎಡೆಗಳನ್ನು ‘ಮನೆ’ಯೆಂದು ಕರೆಯುವುದು ಕನ್ನಡದ ಹಳೆಯ ರೂಢಿ. ಚಿಕ್ಕದೇವರಾಜ ಒಡೆಯರು (1673–1704) ರಾಜ್ಯಭಾರವನ್ನು ಹದಿನೆಂಟು ಚಾವಡಿಗಳಾಗಿ ವಿಭಾಗಿಸಿದರೆಂದು ಮೈಸೂರಿನ ಚರಿತ್ರೆಯಲ್ಲಿ ಓದುತ್ತೇವೆ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಬೇಹಿನ ಚಾವಡಿ ಮುಂತಾದುವು ಅವು. ಕರಾವಳಿಯ ಕಡೆಯವರಿಗಾದರೋ ಚಾವಡಿಯೆಂದರೆ ಇಂದಿಗೂ ಮನೆಯೊಳಗಿನ ದೊಡ್ಡ ಹಜಾರ. ಒಂದೇ ಶಬ್ದವು ಸರ್ಕಾರಕ್ಕೂ ಸಂಸಾರಕ್ಕೂ ಸಲ್ಲುತ್ತಿತ್ತು.

ಪ್ರಕೃತಕ್ಕೆ ಮುಖ್ಯವಾದ ಶಬ್ದವು ‘ಹಾಜರಿ’. ಅರಬೀ ಭಾಷೆಯಲ್ಲಿ ‘ಎದುರಿಗಿರುವುದು’ ಎಂಬರ್ಥದ ಒಂದೇ ಧಾತುವಿನಿಂದ ‘ಹಾಜರು’ ಎಂಬುದೂ ‘ಹುಜೂರು’ ಎಂಬುದೂ ಹುಟ್ಟಿವೆ. ನೌಕರನು ಬಂದರೆ ಹಾಜರು. ಅವನು ಯಾರ ಎದುರಿಗೆ ಬಂದನೋ ಆ ಪ್ರಭುವು ಹುಜೂರು. ‘ಹುಜೂರು ಕಚೇರಿ’ಯೆಂದರೆ ಸನ್ನಿಧಾನದ ಕಚೇರಿ. ಹೀಗೆ ಹಾಜರಿಗೆ ಎರಡು ತುದಿಗಳಿವೆ: ಬರುವವನೊಬ್ಬನು, ಅವನನ್ನು ಎದುರುಗೊಳ್ಳುವವನೊಬ್ಬನು. ಎರಡನೆಯವನಿಲ್ಲದೆ ಮೊದಲನೆಯವನ ಹಾಜರಿಯು ಸಿದ್ಧಿಸುವುದಿಲ್ಲ. ನಮ್ಮ ಹಳಗನ್ನಡದ ‘ಓಲಗ’ವೂ ಇಂಥದೇ, ಸಭೆಯೆಂಬುದೂ ಸೇವೆಯೆಂಬುದೂ ಅದರ ಅರ್ಥಗಳು. (ಓಲಗ, ಕಚೇರಿ ಎಂಬೆರಡು ಶಬ್ದಗಳೂ ಕಾಲಕ್ರಮದಲ್ಲಿ ಸಂಗೀತಗಾರರ ಪಾಲಾದುದು ವಿನೋದಕರವಾಗಿದೆ. ಮದುವೆಯ ಮನೆಯಲ್ಲಿ ಊದಿಸುವುದು ಓಲಗ; ರಾಮೋತ್ಸವದಲ್ಲಿ ಕೇಳುವುದು ಕಚೇರಿ. ಅಲ್ಲಿಯೂ ಕೇಳುವವರು ಎದುರಿಗಿಲ್ಲದಿದ್ದರೆ ಎರಡೂ ಇಲ್ಲ.)

ಮನೆಯನ್ನೂ ಕಚೇರಿಯನ್ನೂ ಬೇರ್ಪಡಿಸಿದುದು ನಮ್ಮ ನಾಡಿನಲ್ಲಿ ಬಹು ಹಳೆಯ ಸಂಗತಿಯಲ್ಲ. ಬೆಂಗಳೂರಿನ ಕೋಟೆಯಲ್ಲಿರುವ ಟಿಪ್ಪುಸುಲ್ತಾನನ ಬೇಸಗೆಯ ಅರಮನೆಯು 1831ರಿಂದ 1868ರ ವರೆಗೆ ಸರ್ಕಾರದ ಸಚಿವಾಲಯವಾಗಿತ್ತು. ಅರಸನು ವಾಸಿಸಲು ಕಟ್ಟಿಸಿದ ಮನೆಯಲ್ಲಿ ಗುಮಾಸ್ತರು ಕುಳಿತು ಬರೆಯುತ್ತಿದ್ದರು. 1868ರಲ್ಲಿ ಅಠಾರಾ ಕಚೇರಿಯ ಕೆಂಪು ಕಟ್ಟಡವು ಮುಗಿದ ಮೇಲೆ ಕಡತಗಳು ಅಲ್ಲಿಗೆ ಹೋದುವು. ಆ ಕಟ್ಟಡದಲ್ಲಿ ಈಗ ಉಚ್ಚನ್ಯಾಯಾಲಯವಿದೆ. ಹಳ್ಳಿಗಳಲ್ಲಿಯಂತೂ ಈ ಬೇರ್ಪಡಿಕೆಯು ಇನ್ನೂ ಒಂದು ಶತಮಾನ ತಡವಾಗಿ ನಡೆಯಿತು. ವಂಶಪಾರಂಪರ್ಯವಾಗಿ ಲೆಕ್ಕ ಬರೆಯುತ್ತಿದ್ದ ಶಾನುಭೋಗನ ಕಚೇರಿಯೆಂದರೆ ಅವನ ಮನೆಯ ಜಗುಲಿ. ಊರಿನ ಪಹಣಿಯೂ ಕಂದಾಯದ ಕಡತವೂ ಅವನ ಮನೆಯ ಪೆಟ್ಟಿಗೆಯಲ್ಲಿರುತ್ತಿದ್ದುವು. 1961ನೆಯ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು 1963ನೆಯ ಫೆಬ್ರವರಿ 1ರಂದು ಜಾರಿಗೆ ಬರುವತನಕ ಈ ಪದ್ಧತಿಯು ಉಳಿದಿತ್ತು. ಆ ಶಾನುಭೋಗನನ್ನು ದಿನವೂ ಯಾರೂ ಎಣಿಸಲಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿಯ ಕಾಲದಲ್ಲಿ ಅವನು ಲೆಕ್ಕದೊಡನೆ ಹಾಜರಾಗಬೇಕಾಗಿತ್ತು, ತಪ್ಪಿದರೆ ವಿಚಾರಣೆ. ಅವನು ಮನೆಯಲ್ಲಿ ಕುಳಿತು ಬರೆದನೋ ಮಾವಿನ ತೋಪಿನಲ್ಲಿ ಕುಳಿತು ಬರೆದನೋ ಅಮಲ್ದಾರನು ಕೇಳಿದವನಲ್ಲ. ಈ ವ್ಯವಸ್ಥೆಯಲ್ಲಿ ಲಂಚವೂ ಕಡತ ತಿದ್ದುವುದೂ ಇದ್ದುವೆಂಬುದನ್ನು ಮರೆಮಾಚಬೇಕಾಗಿಲ್ಲ. ಪೆಟ್ಟಿಗೆಯು ಯಾರ ಮನೆಯಲ್ಲಿರುವುದೋ ಅಧಿಕಾರವೂ ಅಲ್ಲಿಯೇ ಇರುತ್ತದೆ. ಮನೆಯ ಕೆಲಸಕ್ಕೆ ಯಜಮಾನರು ಅಂಜುವುದರಲ್ಲಿ ಸ್ವಲ್ಪ ನ್ಯಾಯವಿದೆಯೆಂಬುದಕ್ಕೆ ಶಾನುಭೋಗನೇ ಸಾಕ್ಷಿ.

ಜಮಾಬಂದಿಯಂಥ ವಾರ್ಷಿಕವಾದ ಬರವನ್ನು ಬಹು ಹಿಂದೆಯೇ ಶಾಸ್ತ್ರೀಕರಿಸಿದ ಗ್ರಂಥವೊಂದುಂಟು, ಕೌಟಲ್ಯನ ಅರ್ಥಶಾಸ್ತ್ರ. ಮೈಸೂರಿನ ಸರ್ಕಾರೀ ಪ್ರಾಚ್ಯಕೋಶಾಗಾರದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಇದರ ಮೂಲವನ್ನೂ 1915ರಲ್ಲಿ ಸಮಗ್ರವಾದ ಇಂಗ್ಲಿಷು ಅನುವಾದವನ್ನೂ ಪ್ರಕಟಿಸಿದುದು ಈ ಪತ್ರಿಕೆಯ ವಾಚಕರಿಗೆ ತಿಳಿದದ್ದೇ. ಅದರ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದಲ್ಲಿ, ಏಳನೆಯ ಮತ್ತು ಇಪ್ಪತ್ತಮೂರನೆಯ ಅಧ್ಯಾಯಗಳನ್ನು ಒಟ್ಟಿಗೆ ಇಟ್ಟು ಓದಬೇಕೆಂದು ನನ್ನ ಪ್ರಾರ್ಥನೆ.

ಏಳನೆಯ ಅಧ್ಯಾಯವು ಅಕ್ಷಪಟಲವನ್ನು, ಎಂದರೆ ಲೆಕ್ಕದ ಕಚೇರಿಯನ್ನು, ಕುರಿತದ್ದು. ಆ ಕಟ್ಟಡವು ಪೂರ್ವಕ್ಕಾಗಲಿ ಉತ್ತರಕ್ಕಾಗಲಿ ಮುಖವಾಗಿರಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಸ್ಥಾನವೂ, ನಿಬಂಧಪುಸ್ತಕಗಳನ್ನಿಡಲು ಎಡೆಯೂ ಇರಬೇಕು. ಕೆಲಸದ ವರ್ಷಕ್ಕೆ 354 ಅಹೋರಾತ್ರಗಳು. ಅದು ಆಷಾಢದ ಹುಣ್ಣಿಮೆಗೆ ಮುಗಿಯುತ್ತದೆ. ವರ್ಷ ಪೂರ್ತಿ ದುಡಿದವನಿಗೆ ಪೂರ್ತಿ, ಕಡಮೆ ದುಡಿದವನಿಗೆ ಕಡಮೆ ವೇತನ. ಆ ಹುಣ್ಣಿಮೆಗೆ ನಾಡಿನ ಲೆಕ್ಕಿಗರೆಲ್ಲರೂ ಅಕ್ಷಪಟಲಕ್ಕೆ ಬರತಕ್ಕದ್ದು. ಅವರ ಪುಸ್ತಕಗಳೂ ಉಳಿದ ಹಣವೂ ಮುದ್ರೆಯೊತ್ತಿದ ಚೀಲಗಳಲ್ಲಿರಬೇಕು. ಬಂದವರು ತಮ್ಮತಮ್ಮಲ್ಲಿ ಮಾತನಾಡದಂತೆ ಒಂದೆಡೆಯಲ್ಲಿ ತಡೆದಿರಿಸಬೇಕು. ಹೇಳಿದ ಕಾಲಕ್ಕೆ ಬಾರದವನಿಗೂ ಪುಸ್ತಕ ಮತ್ತು ಹಣಗಳಿಲ್ಲದೆ ಬರಿಗೈಯಲ್ಲಿ ಬಂದವನಿಗೂ ಕೊಡಬೇಕಾದುದರ ಹತ್ತನೆಯ ಒಂದು ಪಾಲು ದಂಡ. (ಸಂನ್ಯಾಸಿಗಳು ಸಂಚಾರವನ್ನು ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಒಂದೆಡೆ ಕೂರುವುದೂ ಇದೇ ಹುಣ್ಣಿಮೆಯಂದು.)

ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದುದು ಮೌನದ ನಿಯಮ. ಈಗಿನ ಯಜಮಾನರು ನೌಕರರನ್ನು ಕರೆಯುವುದಕ್ಕೆ ಹೇಳುವ ಕಾರಣವೇ ‘ನೀವು ಕಲೆತು ಮಾತನಾಡಬೇಕು, ಅದರಿಂದ ಹೊಸ ಆಲೋಚನೆಗಳು ಹುಟ್ಟುತ್ತವೆ’ ಎಂಬುದು. ಕೌಟಲ್ಯನು ಕರೆದುದು ಅವರು ಮಾತನಾಡಲಾರದಂತೆ ನೋಡಿಕೊಳ್ಳುವುದಕ್ಕೆ! ಆದರೂ ಎರಡರಲ್ಲಿಯೂ ಕರೆಯಿದೆ. ಕರೆಯುವುದರ ಪ್ರಯೋಜನವು ಬೇರೆಯಾದರೆ ಕಚೇರಿಯ ಸ್ವರೂಪವೂ ಬೇರೆಯಾಗಬೇಕೆಂಬುದು ಇದರಿಂದ ತಿಳಿಯುತ್ತದೆ. ಲೆಕ್ಕ ತಾಳೆನೋಡುವುದಕ್ಕೆ ಕರೆದವನು ಬೇರೆ ಬೇರೆ ಸ್ಥಾನಗಳನ್ನು ಕಟ್ಟಿಸಿದನು. ಕಲೆತು ಮಾತನಾಡಲೆಂದು ಕರೆಯುವವರು ಅದಕ್ಕೆ ತಕ್ಕ ಎಡೆಯನ್ನು ಒದಗಿಸಿದ್ದಾರೆಯೆ?

ಇಪ್ಪತ್ತಮೂರನೆಯ ಅಧ್ಯಾಯವು ಸೂತ್ರಾಧ್ಯಕ್ಷನದು. ನೂಲು ತೆಗೆಯಿಸುವ ಅಧಿಕಾರಿಯವನು. ಮನೆಯಿಂದ ಹೊರಗೆ ಬಾರದ ಸ್ತ್ರೀಯರು, ಗಂಡನು ದೇಶಾಂತರಕ್ಕೆ ಹೋಗಿರುವವರು, ವಿಧವೆಯರು, ಅಂಗವಿಕಲರು, ಕನ್ಯೆಯರು—ಇವರು ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳಬೇಕಾಗಿದ್ದರೆ, ಅಧ್ಯಕ್ಷನು ತನ್ನ ದಾಸಿಯರ ಮೂಲಕ ಅವರಿಗೆ ಆದರದಿಂದ ಕೆಲಸವನ್ನು ಒದಗಿಸಬೇಕು. ಹತ್ತಿಯು ಅವರ ಮನೆಗೆ ಹೋಗುತ್ತದೆ, ನೂಲು ಅಲ್ಲಿಂದ ಬರುತ್ತದೆ. ‘ಮನೆಯಿಂದ ಕೆಲಸ’ವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಾಚೀನ ವಿಧಾನವನ್ನು ನಾನು ಕಾಣೆನು. ಆಮೇಲೆ ಶಾಸ್ತ್ರಕಾರನು, ತಾವಾಗಿಯೇ ಸೂತ್ರಶಾಲೆಗೆ ಬರುವ ಹೆಂಗಸರ ವಿಷಯವನ್ನು ಹೇಳುತ್ತಾನೆ. ಅವರು ಬೆಳಗಿನ ಜಾವದಲ್ಲಿ ಬಂದು ನೂಲನ್ನು ಕೊಟ್ಟು ಕೂಲಿಯನ್ನು ಪಡೆಯಬೇಕು. ಅಲ್ಲಿ ದೀಪವೊಂದಿರಬೇಕು, ಆದರೆ ಅದು ನೂಲನ್ನು ಪರೀಕ್ಷಿಸುವುದಕ್ಕೆ ಸಾಲುವಷ್ಟು ಮಾತ್ರ. ಆ ಬೆಳಕಿನಲ್ಲಿ ಹೆಂಗಸಿನ ಮುಖವನ್ನು ನೋಡಿದರೆ, ಇಲ್ಲವೆ ಬೇರೆ ಮಾತನ್ನು ಎತ್ತಿದರೆ, ಪೂರ್ವಸಾಹಸದಂಡ; ಎಂದರೆ 48ರಿಂದ 96 ಪಣಗಳು. ಕೂಲಿ ಕೊಡುವುದರಲ್ಲಿ ಕಾಲವನ್ನು ಮೀರಿದರೆ ಮಧ್ಯಮಸಾಹಸದಂಡ. 200ರಿಂದ 500 ಪಣಗಳು. ಮಾಡದ ಕೆಲಸಕ್ಕೆ ಕೂಲಿ ಕೊಟ್ಟರೂ ಅಷ್ಟೇ. ಮುಖ ನೋಡುವುದಕ್ಕಿಂತ ಕೂಲಿ ತಡಮಾಡುವುದು ಹೆಚ್ಚಿನ ಅಪರಾಧವೆಂದು ಎಣಿಸಿದ ಶಾಸ್ತ್ರಕಾರನ ವಿವೇಕಕ್ಕೆ ನಮಸ್ಕಾರಮಾಡಬೇಕು.

ಹಾಗೆಂದು ಈ ಗ್ರಂಥವನ್ನು ದಯಾಧರ್ಮದ ನಿಧಿಯೆಂದು ಹೊಗಳುವ ಉದ್ದೇಶ ನನ್ನದಲ್ಲ. ಅದೇ ಪ್ರಕರಣದಲ್ಲಿ, ಕೂಲಿ ತೆಗೆದುಕೊಂಡು ಕೆಲಸಮಾಡದ ಹೆಂಗಸಿಗೆ ಹೆಬ್ಬೆರಳು ಕತ್ತರಿಸುವ ದಂಡವನ್ನು ವಿಧಿಸಿದೆ. ನೂಲುವವಳಿಗೆ ಹೆಬ್ಬೆರಳು ಹೋದರೆ ಜೀವನವೇ ಹೋಯಿತು. ಈ ಕ್ರೌರ್ಯವನ್ನು ಒಪ್ಪಿಕೊಂಡೇ, ನಾವು ಅಲ್ಲಿಂದ ತೆಗೆದುಕೊಳ್ಳತಕ್ಕದ್ದು ಆ ದೀಪದ ಅಳತೆಯನ್ನು. ನೂಲನ್ನು ನೋಡುವಷ್ಟು ಬೆಳಕು. ಅದಕ್ಕೆ ಮೇಲಾದುದು ಅಪರಾಧ. ನೂಲೆಂಬುದು ತೂಗಿ ಮುಟ್ಟಿ ತಿಳಿಯಬಹುದಾದ ವಸ್ತು. ಅದನ್ನು ತೆಗೆದವಳ ಸನ್ನಿಧಿಯು ಪರೀಕ್ಷೆಗೆ ಬೇಕಾಗಿಲ್ಲ. ಲೆಕ್ಕವಾದರೋ ಹಾಗಲ್ಲ, ಬರೆದವನನ್ನು ಎದುರಿಗೆ ನಿಲ್ಲಿಸಿ ಕೇಳದೆ ಅದರ ಸತ್ಯವು ಹೊರಡದು. ಆದುದರಿಂದ ನೂಲಿಗೆ ಮನೆ, ಲೆಕ್ಕಕ್ಕೆ ಅಕ್ಷಪಟಲ. ಒಂದೇ ಗ್ರಂಥ, ಒಂದೇ ಅಧಿಕರಣ, ಎರಡು ವಿಧಿ.

ಈಗಿನ ಪರೀಕ್ಷಕರು ಕಂಡುಕೊಂಡುದೂ ಇದಕ್ಕೆ ದೂರವಾಗಿಲ್ಲ. ಅರ್ಥಶಾಸ್ತ್ರಜ್ಞನಾದ ನಿಕೊಲಸ್ ಬ್ಲೂಮ್ ಎಂಬವನೂ ಅವನ ಸಹಕಾರಿಗಳೂ ಶಾಂಘೈ ನಗರದ ಒಂದು ಪ್ರವಾಸಸೇವಾ ಸಂಸ್ಥೆಯಲ್ಲಿ ನಡಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದೂರವಾಣಿಯಲ್ಲಿ ಉತ್ತರ ಕೊಡುವ ಕೆಲಸದವರು ಮನೆಯಲ್ಲಿದ್ದಾಗ ಅವರ ಕೆಲಸವು ಶೇಕಡ 13ರಷ್ಟು ಹೆಚ್ಚಿತು. ಕರೆಗಳನ್ನು ಎಣಿಸಬಹುದು, ಅದು ನೂಲಿನಂಥ ಕೆಲಸ. ಆದರೂ ಅವಧಿ ಮುಗಿದು ಆಯ್ಕೆಯನ್ನು ಅವರಿಗೇ ಬಿಟ್ಟಾಗ, ಮನೆಯಲ್ಲಿದ್ದವರಲ್ಲಿ ಅನೇಕರು ಒಂಟಿತನವನ್ನು ತಾಳಲಾರದೆ ಕಚೇರಿಯನ್ನೇ ಬೇಡಿದರು. ಅಷ್ಟೇ ಅಲ್ಲದೆ, ಸಮಾನವಾಗಿ ಕೆಲಸಮಾಡಿದವರಲ್ಲಿ ಮನೆಯಲ್ಲಿದ್ದವರಿಗೆ ಬಡ್ತಿಯು ಕಡಮೆಯಾಗಿ ದೊರೆಯಿತು. ನೂಲು ಚೆನ್ನಾಗಿದ್ದರೂ ಮುಖ ಕಾಣಲಿಲ್ಲವೆಂದು ಕೂಲಿ ಕಡಮೆಯಾದಂತಾಯಿತು! ಅದೇ ಸಂಸ್ಥೆಯ 1,612 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆಯಲ್ಲಿ ವಾರಕ್ಕೆ ಎರಡು ದಿನ ಮನೆ, ಉಳಿದ ದಿನ ಕಚೇರಿ. ಇದರಲ್ಲಿ ಕೆಲಸದ ಗುಣವಾಗಲಿ ಬಡ್ತಿಯಾಗಲಿ ಕುಗ್ಗಲಿಲ್ಲ. ಕೆಲಸ ಬಿಟ್ಟುಹೋಗುವವರ ಸಂಖ್ಯೆಯು ಮೂರನೆಯ ಒಂದು ಭಾಗದಷ್ಟು ಇಳಿಯಿತು. ಹೆಂಗಸರಲ್ಲಿಯೂ ದೂರದಿಂದ ಬರುವವರಲ್ಲಿಯೂ ಈ ಇಳಿತವು ಹೆಚ್ಚಾಗಿ ಕಂಡಿತು.

ನಮ್ಮ ಸರ್ಕಾರವು 2022ನೆಯ ಜುಲೈ ತಿಂಗಳಲ್ಲಿ ವಿಶೇಷ ಆರ್ಥಿಕ ವಲಯಗಳಿಗೆ ಮಾಡಿದ ನಿಯಮವು, ಒಂದು ಘಟಕದ ನೌಕರರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ, ಒಂದು ವರ್ಷದ ವರೆಗೆ, ಮನೆಯ ಕೆಲಸಕ್ಕೆ ಅನುಮತಿ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎಲ್ಲರಿಗೂ ಅದನ್ನು ವಿಸ್ತರಿಸಬೇಕಾಯಿತು. ಮೊದಲು ಮಾಡಿದ ಎಣಿಕೆಯಲ್ಲಿ ತಲೆಗಳ ಲೆಕ್ಕವಿದ್ದಿತೇ ಹೊರತು ಕೆಲಸದ ಜಾತಿಯ ವಿಚಾರವಿರಲಿಲ್ಲ. ಸಂಸ್ಥೆಗಳ ಆಜ್ಞೆಗಳೂ ಈ ದೋಷಕ್ಕೆ ಹೊರತಲ್ಲ. ಮೂರು ದಿನ, ಐದು ದಿನ ಎಂದು ದಿನಗಳನ್ನು ಹೇಳುತ್ತಾರೆ. ಆ ದಿನಗಳಲ್ಲಿ ಯಾವ ನೂಲನ್ನು ಪರೀಕ್ಷಿಸುವರೆಂದು, ಯಾವ ಪುಸ್ತಕವನ್ನು ಬಿಚ್ಚಿ ಕೇಳುವರೆಂದು ಹೇಳುವವರು ವಿರಳ.

ಸನ್ನಿಧಿಯೇ ಬೇಕಾದ ಕೆಲಸಗಳಿಲ್ಲವೆಂದು ಹೇಳುವವರ ಪಕ್ಷವೂ ನನಗೆ ಸಮ್ಮತವಲ್ಲ. ಆ ಎರಡು ವರ್ಷಗಳಲ್ಲಿ ಪಾಠಶಾಲೆಯ ವಿದ್ಯಾರ್ಥಿಗಳಿಗೆ ನಾನೂ ಯಂತ್ರದ ಮೂಲಕ ಪಾಠ ಹೇಳಿದೆನು. ಸಿದ್ಧಾಂತಕೌಮುದಿಯ ಪಾಠಕ್ಕೆ ಹೆಚ್ಚಿನ ತೊಂದರೆಯಾಗಲಿಲ್ಲ; ಪ್ರಕ್ರಿಯೆಯನ್ನು ಬರೆದು ತೋರಿಸಿದರೆ ದೂರದಲ್ಲಿರುವವನಿಗೂ ತಿಳಿಯುತ್ತದೆ. ಗುರುವು ಒಮ್ಮೆ ಹೇಳಿ ಶಿಷ್ಯನು ಎರಡು ಸಲ ಹೇಳುವ ವೇದದ ಸಂತೆಯೂ, ಒಬ್ಬೊಬ್ಬನಾಗಿ ಹೇಳಿಸಿದಮಟ್ಟಿಗೆ, ನಡೆಯಿತು. ನಡೆಯದೆ ಹೋದುದು ಸಹಪಠನ. ಎಂಟು ಮಂದಿ ಎಂಟು ಊರುಗಳಲ್ಲಿ ಒಟ್ಟಿಗೆ ಹೇಳತೊಡಗಿದರೆ, ಒಬ್ಬನ ಧ್ವನಿಯು ಇನ್ನೊಬ್ಬನಿಗೆ ಅರೆಕ್ಷಣ ತಡವಾಗಿ ಮುಟ್ಟುತ್ತದೆ; ಅವನು ಅದಕ್ಕಾಗಿ ನಿಂತರೆ ಮೂರನೆಯವನು ಇನ್ನೂ ಹಿಂದೆ ಬೀಳುತ್ತಾನೆ; ಒಂದು ಅನುವಾಕವು ಮುಗಿಯುವ ಮೊದಲೇ ಎಲ್ಲವೂ ಚೆದರಿಹೋಗುತ್ತದೆ. ಮಕ್ಕಳು ಮರಳಿ ಬಂದ ಮೇಲೆ ಬೆಳಗಿನ ಪಾರಾಯಣವನ್ನು ಮೊದಲು ಆರಂಭಿಸಿದೆವು. ಕೌಮುದಿಯ ಪಾಠದಲ್ಲಿ ದೂರದ ಇಬ್ಬರನ್ನು ಈಗಲೂ ಯಂತ್ರದ ಮೂಲಕವೇ ಸೇರಿಸಿಕೊಂಡಿದ್ದೇನೆ. ಪಾರಾಯಣಕ್ಕೆ ಬಾ ಎಂದರೆ ಹುಡುಗನಿಗೆ ಕಾರಣ ತಿಳಿಯುತ್ತದೆ, ಯಾರೂ ಕೇಳಲಿಲ್ಲ.

ನನ್ನಲ್ಲಿ ಹಿಂದೆ ಓದಿ ಈಗ ಗಣಕೋದ್ಯಮದಲ್ಲಿರುವ ಒಬ್ಬರು ತಮ್ಮ ಕಚೇರಿಯ ಪುನರಾಗಮನವನ್ನು ಹೀಗೆ ವರ್ಣಿಸಿದರು. ಬೆಳಗ್ಗೆ ಎರಡು ಬಸ್ಸುಗಳನ್ನು ಹಿಡಿದು ಬೆಳ್ಳಂದೂರಿನ ಕಡೆಯ ಕಚೇರಿಗೆ ಹೋಗಿ, ಬಾಗಿಲಲ್ಲಿ ಗುರುತಿನ ಚೀಟಿಯನ್ನು ಯಂತ್ರಕ್ಕೆ ತೋರಿಸಿ, ಯಾವುದಾದರೂ ಬರಿದಾದ ಮೇಜನ್ನು ಹುಡುಕಿ ಕುಳಿತು, ಕಿವಿಗೆ ಶ್ರವಣಯಂತ್ರವನ್ನಿಟ್ಟುಕೊಂಡು ದಿನವೆಲ್ಲ ಪುಣೆಯಲ್ಲಿಯೂ ಸೀಮೆಯಲ್ಲಿಯೂ ಇರುವ ಜೊತೆಗಾರರೊಡನೆ ಮಾತನಾಡುವುದು. ಅವರ ಮೇಲಧಿಕಾರಿಯು ಇರುವುದು ಇನ್ನೊಂದು ಊರಿನಲ್ಲಿ. ‘ಹಾಜರಿ ಹಾಕಿದ್ದೇನೆ, ಆದರೆ ಯಾರಿಗೆ ಎಂದು ನನಗೇ ತಿಳಿಯದು’ ಎಂದು ಅವರು ನಕ್ಕರು. ಹುಜೂರಿಲ್ಲದ ಹಾಜರಿಯಿದು.

ಅಕ್ಷಪಟಲದ ಅಧ್ಯಾಯದಲ್ಲಿ ಇದಕ್ಕೂ ಒಂದು ವಿಧಿಯುಂಟು. ಕಾರ್ಮಿಕನು, ಎಂದರೆ ಕೆಲಸದ ಅಧಿಕಾರಿಯು, ಪುಸ್ತಕದೊಡನೆ ಬಂದು ನಿಂತಿರುವಾಗ ಕಾರಣಿಕನು, ಎಂದರೆ ಲೆಕ್ಕವನ್ನು ತಾಳೆನೋಡತಕ್ಕವನು, ಅದನ್ನು ಕೈಗೆ ತೆಗೆದುಕೊಳ್ಳದೆ ಹೋದರೆ, ಕಾರಣಿಕನಿಗೆ ಪೂರ್ವಸಾಹಸದಂಡ. ಕಾರಣಿಕನು ಸಿದ್ಧನಾಗಿದ್ದು ಕಾರ್ಮಿಕನು ತಪ್ಪಿದರೆ, ಕಾರ್ಮಿಕನಿಗೆ ಅದರ ಎರಡರಷ್ಟು. ಎರಡನೆಯ ದಂಡಕ್ಕೆ ಸಮನಾದುದನ್ನು ಇಂದಿನ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಬರೆದುಕೊಂಡಿವೆ. ಮೊದಲನೆಯದನ್ನು ಬರೆದುಕೊಂಡ ಸಂಸ್ಥೆಯು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.